ಪರವಾನಗಿ ಯಾರ ಕಾಗದ?

ಪುಣೆಯಲ್ಲಿ ಒಂದು ಉಪಾಹಾರಗೃಹ ತೆರೆಯಲು ಎಷ್ಟು ಕಾಗದ ಬೇಕೆಂದು ನಮ್ಮವರಲ್ಲಿ ಯಾರನ್ನಾದರೂ ಕೇಳಿ ನೋಡಿ. ಮೊದಲ ಉತ್ತರ ನಿಟ್ಟುಸಿರೇ. ಶಾಪ್ ಆ್ಯಕ್ಟಿನ ಕಾಗದ, ಆಹಾರ ಸುರಕ್ಷತೆಯ ಲೈಸೆನ್ಸು, ಮಹಾನಗರಪಾಲಿಕೆಯ ಅನುಮತಿ, ಬೆಂಕಿಯ ವ್ಯವಸ್ಥೆಗೆ ಅಗ್ನಿಶಾಮಕ ದಳದ ಒಪ್ಪಿಗೆ. ಕಿರಾಣಿ ಅಂಗಡಿಯಾದರೆ ತಕ್ಕಡಿಗೂ ತೂಕದ ಕಲ್ಲಿಗೂ ಸರಕಾರದ ಮುದ್ರೆ. ರಸ್ತೆ ಬದಿಯ ಕೈಗಾಡಿಯಾದರೆ 2014ರ ಬೀದಿ ವ್ಯಾಪಾರಿಗಳ ಕಾನೂನಿನ ಪ್ರಮಾಣಪತ್ರ. ಒಂದೊಂದಕ್ಕೂ ಒಂದೊಂದು ಕಚೇರಿ, ಒಂದೊಂದು ಅರ್ಜಿ. ಅರ್ಜಿಗೂ ಕಚೇರಿಗೂ ನಡುವೆ ಒಬ್ಬ ದಲ್ಲಾಳಿ.

ಈ ಕಷ್ಟ ಸುಳ್ಳೆಂದು ಯಾರೂ ಹೇಳುವುದಿಲ್ಲ. ಇಂದು ಗಲ್ಲೆಯ ಮೇಲೆ ಕುಳಿತಿರುವ ನಮ್ಮ ಮಾಲಿಕರಲ್ಲಿ ಅನೇಕರು ಹಿಂದೆ ಮೇಜು ಒರೆಸಿದವರೇ. ಇಂದು ಮೇಜು ಒರೆಸುತ್ತಿರುವ ಹುಡುಗನಿಗೂ ನಾಳೆ ತನ್ನದೊಂದು ಚಹದ ಅಂಗಡಿ ಇಡುವ ಆಸೆಯಿದೆ. ಆದ್ದರಿಂದ ಕಾಗದಗಳು ಕಡಿಮೆಯಾಗಲಿ ಎಂಬ ಕೂಗಿಗೆ ನಮ್ಮ ಸಹಾನುಭೂತಿ ಇದ್ದೇ ಇದೆ. ಆದರೆ ಕಡಿಮೆ ಮಾಡುವ ಭರದಲ್ಲಿ ಯಾವ ಕಾಗದ ಹೋಯಿತು, ಯಾವುದು ಉಳಿಯಿತು ಎಂದು ನೋಡುವುದು ಕಾರ್ಮಿಕರಾದ ನಮ್ಮ ಕೆಲಸ. ಏಕೆಂದರೆ ಪರವಾನಗಿ ಮಾಲಿಕನೊಬ್ಬನ ಕಾಗದವಲ್ಲ. ಆ ಗೋಡೆಗಳ ಒಳಗೆ ದುಡಿಯುವವನ ಕಾಗದವೂ ಹೌದು.

1948ರ ಮುಂಬಯಿ ಅಂಗಡಿ ಮತ್ತು ಸಂಸ್ಥೆಗಳ ಕಾನೂನಿನಲ್ಲಿ ಒಬ್ಬನೇ ನೌಕರನಿದ್ದ ಅಂಗಡಿಯೂ ನೋಂದಣಿಯಾಗಬೇಕಿತ್ತು. ಆ ನೋಂದಣಿಯ ಬೆನ್ನಿಗೆ ದುಡಿಮೆಯ ಗಂಟೆಗಳ ಮಿತಿ, ವಾರದ ರಜೆ, ಇನ್‌ಸ್ಪೆಕ್ಟರನ ತಪಾಸಣೆ ಇದ್ದವು. ಕಾನೂನು ಸರಿಯಾಗಿ ನಡೆಯಿತೋ ಇಲ್ಲವೋ ಎಂಬುದು ಬೇರೆ ಮಾತು. ನೌಕರನ ಹೆಸರು ಲೆಕ್ಕದೊಳಗಿತ್ತು. 2017ರಲ್ಲಿ ಮಹಾರಾಷ್ಟ್ರ ಸರಕಾರವು ಹೊಸ ಕಾನೂನನ್ನು ತಂದು, ಅದೇ ವರ್ಷದ ಡಿಸೆಂಬರ್ 19ರಿಂದ ಜಾರಿ ಮಾಡಿತು. ಅದರ ಪ್ರಕಾರ ಹತ್ತಕ್ಕಿಂತ ಕಡಿಮೆ ನೌಕರರಿರುವ ಅಂಗಡಿಗೆ ನೋಂದಣಿ ಬೇಡ. ವ್ಯಾಪಾರ ತೊಡಗಿದ ಅರವತ್ತು ದಿನಗಳೊಳಗೆ ಒಂದು ಸೂಚನೆ ಕೊಟ್ಟರೆ ಸಾಕಾಯಿತು. ದಿನಕ್ಕೆ ಒಂಬತ್ತು ಗಂಟೆಯ ಮಿತಿ, ಹೆಚ್ಚಿನ ದುಡಿಮೆಗೆ ಇಮ್ಮಡಿ ಸಂಬಳ, ಎಂಟು ಹಬ್ಬದ ರಜೆ, ನೌಕರನಿಗೆ ಗುರುತಿನ ಚೀಟಿ, ಎಲ್ಲವೂ ಹತ್ತು ಮತ್ತು ಅದಕ್ಕೆ ಮೇಲ್ಪಟ್ಟವರ ಪಾಲಾದವು. ಇನ್‌ಸ್ಪೆಕ್ಟರನ ಹೆಸರು ಕೂಡ ಬದಲಾಗಿ ‘ಫೆಸಿಲಿಟೇಟರ್’ ಎಂದಾಯಿತು.

ಅಷ್ಟಕ್ಕೇ ನಿಲ್ಲಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ರಾಜ್ಯದ ಮಂತ್ರಿಮಂಡಲವು ಈ ಹತ್ತನ್ನು ಇಪ್ಪತ್ತಕ್ಕೂ, ದಿನದ ಒಂಬತ್ತು ಗಂಟೆಯನ್ನು ಹತ್ತಕ್ಕೂ ಏರಿಸಲು ಒಪ್ಪಿಗೆ ಕೊಟ್ಟಿತು. ಅದೇ ವರ್ಷದ ನವೆಂಬರ್ 21ರಂದು ಕೇಂದ್ರದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. 1948ರ ಫ್ಯಾಕ್ಟರಿ ಕಾನೂನಿನಲ್ಲಿ ವಿದ್ಯುತ್ ಬಳಸುವಲ್ಲಿ ಹತ್ತು ಮಂದಿ, ಬಳಸದಿದ್ದರೆ ಇಪ್ಪತ್ತು ಮಂದಿ ಇದ್ದರೆ ಅದು ಕಾರ್ಖಾನೆ ಎನಿಸುತ್ತಿತ್ತು. ಈಗ ಆ ಲೆಕ್ಕ ಇಪ್ಪತ್ತು ಮತ್ತು ನಲವತ್ತು. ಒಟ್ಟಿನಲ್ಲಿ ಎಲ್ಲೆಡೆ ಗೆರೆ ಮೇಲಕ್ಕೆ ಸರಿದಿದೆ; ಗೆರೆಯ ಕೆಳಗೆ ಉಳಿದವರು ಸಣ್ಣ ಹೋಟೆಲು, ಸಣ್ಣ ಬೇಕರಿ, ಸಣ್ಣ ಶೆಡ್ಡುಗಳ ಜನ.

ಸಣ್ಣ ಜಾಗವೆಂದರೆ ಸಣ್ಣ ಅಪಾಯವೇ? ಈ ಊರಿನ ನೆನಪು ಬೇರೆಯೇ ಹೇಳುತ್ತದೆ. 2016ರ ಡಿಸೆಂಬರ್ 30ರ ಬೆಳಗಿನ ಜಾವ ಕೊಂಢ್ವಾದ ಒಂದು ಬೇಕರಿಗೆ ಬೆಂಕಿ ಬಿತ್ತು. ಒಳಗೆ ಮಲಗಿದ್ದ ಆರು ಮಂದಿ ಕೆಲಸಗಾರರು ಸತ್ತರು. ಬಾಗಿಲಿಗೆ ಹೊರಗಿನಿಂದ ಬೀಗ ಹಾಕಲಾಗಿತ್ತು. 2019ರ ಮೇ 9ರಂದು ಉರುಳಿ ದೇವಾಚಿಯ ಒಂದು ಬಟ್ಟೆ ಅಂಗಡಿಯಲ್ಲಿ ಐದು ಮಂದಿ ಅದೇ ರೀತಿ ಸತ್ತರು. ಅಲ್ಲಿಯೂ ಹೊರಗಿನಿಂದ ಬೀಗ. 2023ರ ಡಿಸೆಂಬರ್ 8ರಂದು ತಳವಡೆಯಲ್ಲಿ ಹುಟ್ಟುಹಬ್ಬದ ಕಿಡಿಬತ್ತಿ ಮಾಡುವ ಶೆಡ್ಡು ಹೊತ್ತಿ ಉರಿಯಿತು. ಅದಕ್ಕೆ ಅನುಮತಿಯೇ ಇರಲಿಲ್ಲವೆಂದು ಅಧಿಕಾರಿಗಳು ಹೇಳಿದ್ದು ಹೆಣಗಳನ್ನು ಹೊರತೆಗೆದ ಮೇಲೆ. ಬೆಂಕಿಗೆ ಹತ್ತು, ಇಪ್ಪತ್ತರ ಲೆಕ್ಕ ಗೊತ್ತಿಲ್ಲ, ಬಂಧುಗಳೇ.

ಹೋಟೆಲಿನ ಅಟ್ಟದ ಮೇಲೆ, ಭಟ್ಟಿಯ ಪಕ್ಕದಲ್ಲಿ, ಗ್ಯಾಸಿನ ಸಿಲಿಂಡರುಗಳ ನಡುವೆ ಹಾಸಿಗೆ ಬಿಡಿಸುವವರು ನಮ್ಮ ಊರುಗಳ ಮಕ್ಕಳು. ಕಳವಿನ ಭಯದಿಂದ ಶಟರು ಎಳೆದು ಬೀಗ ಹಾಕಿ ಹೋಗುವ ಮಾಲಿಕನು ಕೆಟ್ಟವನೇ ಆಗಿರಬೇಕೆಂದಿಲ್ಲ. ಆದರೆ ಒಳಗೆ ಯಾರು ಮಲಗುತ್ತಾರೆಂದು ಕೇಳುವ ಒಂದು ಕಾಗದವೂ ಇಲ್ಲದಿದ್ದರೆ ಅವನ ಕೈಯನ್ನು ಹಿಡಿಯುವವರಾರು?

ಸಾವಿರಾರು ಸಣ್ಣ ಅಂಗಡಿಗಳನ್ನು ನೋಡುವುದು ಸರಕಾರದಿಂದ ಆಗದ ಕೆಲಸ ಎಂದು ಕೆಲವರು ವಾದಿಸುತ್ತಾರೆ. ಆಗದೆ ಏನು? 2022ರಲ್ಲಿ ಇದೇ ಕಾನೂನಿಗೆ ತಿದ್ದುಪಡಿ ತಂದು, ಹತ್ತಕ್ಕಿಂತ ಕಡಿಮೆ ನೌಕರರಿರುವ ಅಂಗಡಿಗಳೂ ಮರಾಠಿ ಫಲಕ ಹಾಕಬೇಕೆಂದು ವಿಧಿಸಲಾಯಿತು. ಅದಕ್ಕೆ ನಮ್ಮ ತಕರಾರಿಲ್ಲ. ಅನ್ನ ಕೊಟ್ಟ ನಾಡಿನ ಭಾಷೆಗೆ ಮರ್ಯಾದೆ ಸಲ್ಲಲೇಬೇಕು. ಆದರೆ ಫಲಕಕ್ಕಾಗಿ ಅತಿ ಸಣ್ಣ ಅಂಗಡಿಯವರೆಗೂ ನಡೆದು ಬರಬಲ್ಲ ಕಾನೂನು, ಆ ಫಲಕದ ಕೆಳಗೆ ದುಡಿಯುವವನ ಗಂಟೆ ಎಣಿಸಲು ಮಾತ್ರ ಅರ್ಧ ದಾರಿಯಲ್ಲೇ ನಿಲ್ಲುವುದೇಕೆ?

ನಾವು ಕೇಳುವುದು ದೊಡ್ಡದೇನಲ್ಲ. ಎಷ್ಟೇ ಸಣ್ಣ ಅಂಗಡಿಯಿರಲಿ, ಅದರ ಸೂಚನಾ ಅರ್ಜಿಯಲ್ಲಿ ಮೂರು ಪ್ರಶ್ನೆಗಳಿರಲಿ: ಇಲ್ಲಿ ಎಷ್ಟು ಜನ ದುಡಿಯುತ್ತಾರೆ? ರಾತ್ರಿ ಯಾರಾದರೂ ಒಳಗೆ ಮಲಗುತ್ತಾರೆಯೇ? ಒಳಗಿನಿಂದ ತೆರೆಯಬಹುದಾದ ಎರಡನೆಯ ಬಾಗಿಲು ಇದೆಯೇ? ಈ ಉತ್ತರಗಳನ್ನು ಒಬ್ಬ ಅಧಿಕಾರಿ ಒಮ್ಮೆಯಾದರೂ ಬಂದು ಕಣ್ಣಾರೆ ನೋಡಲಿ. ಉಳಿದ ಹತ್ತು ಕಚೇರಿಗಳ ಹತ್ತು ಅರ್ಜಿಗಳನ್ನು ಒಂದಾಗಿಸಿದರೆ ನಾವೇ ಮೊದಲು ಚಪ್ಪಾಳೆ ತಟ್ಟುತ್ತೇವೆ.

ಸರಕಾರವು ಕೇಳುವವರೆಗೆ ನಾವು ಸುಮ್ಮನಿರಬೇಕಾಗಿಲ್ಲ. 2006ರ ಮಹಾರಾಷ್ಟ್ರ ಅಗ್ನಿ ಸುರಕ್ಷತೆಯ ಕಾನೂನು ಅನ್ವಯಿಸುವ ಕಟ್ಟಡಗಳಲ್ಲಿ ವರ್ಷಕ್ಕೆ ಎರಡು ಬಾರಿ, ಜನವರಿ ಮತ್ತು ಜುಲೈ ತಿಂಗಳಲ್ಲಿ, ಬೆಂಕಿ ಆರಿಸುವ ಸಲಕರಣೆ ಸರಿಯಾಗಿದೆಯೆಂಬ ಪ್ರಮಾಣಪತ್ರ ಸಲ್ಲಿಸಬೇಕು. ಅದನ್ನು ತೋರಿಸಿರೆಂದು ಕೇಳಲು ಕಲಿಯೋಣ. ಕೈಗಾಡಿಯ ಅಣ್ಣಂದಿರು ತಮ್ಮ ಕಾನೂನನ್ನು ತಿಳಿದುಕೊಳ್ಳಲಿ: ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಬೀದಿ ವ್ಯಾಪಾರಿಯನ್ನು ಎಬ್ಬಿಸುವಂತಿಲ್ಲ, ಆ ಬಳಿಕವೂ ಮೂವತ್ತು ದಿನಗಳ ನೋಟೀಸು ಬೇಕು, ಜಪ್ತಿ ಮಾಡಿದ ಹಣ್ಣು ತರಕಾರಿಯನ್ನು ಕೇಳಿದ ದಿನವೇ ಹಿಂತಿರುಗಿಸಬೇಕು. ಇದು ಗೊತ್ತಿಲ್ಲದವನೇ ದಲ್ಲಾಳಿಯ ಗಿರಾಕಿ.

ನಮ್ಮ ಸಂಘಗಳು ವಾರಕ್ಕೊಂದು ಸಂಜೆ ಈ ಕೆಲಸಕ್ಕೆಂದು ಮೀಸಲಿಡಲಿ. ಓದು ಬಲ್ಲ ಇಬ್ಬರು ಕುಳಿತು, ಅಂಗಡಿ ಇಡುವವನಿಗೆ ಅರ್ಜಿ ತುಂಬಿಸಿ ಕೊಡಲಿ. ದುಡಿಯುವವನಿಗೆ ಆ ಅರ್ಜಿಯಲ್ಲಿ ಏನಿದೆಯೆಂದು ಕನ್ನಡದಲ್ಲಿ ಓದಿ ಹೇಳಲಿ. ಮಾಲಿಕನೂ ನೌಕರನೂ ಒಂದೇ ಬೆಂಚಿನ ಮೇಲೆ ಕುಳಿತು ಒಂದೇ ಕಾಗದವನ್ನು ಓದಿದರೆ ಶಟರಿನ ಬೀಗದ ಮಾತು ಅಲ್ಲೇ ಎದ್ದು ಇತ್ಯರ್ಥವಾದೀತು. ಅದಕ್ಕೆ ಯಾವ ಕಚೇರಿಯ ಪರವಾನಗಿಯೂ ಬೇಕಾಗಿಲ್ಲ.