ಸಂಸಾರಕ್ಕೆ ತೆರಿಗೆಯ ಜಾಮೀನು

ಹಳೇ ಮದ್ರಾಸ್ ರಸ್ತೆಯಲ್ಲಿ ಹೊಸಕೋಟೆ ದಾಟಿ ಕೋಲಾರದ ಕಡೆ ಹೊರಟರೆ ಸಿಗುವ ನರಸಾಪುರದಲ್ಲಿ ಇವತ್ತು ಎರಡು ಬಗೆಯ ದುಡ್ಡು ಓಡಾಡುತ್ತದೆ. ಒಂದು, ಕೈಗಾರಿಕಾ ಪ್ರದೇಶದ ದುಡ್ಡು. 2013ರಲ್ಲಿ ಶುರುವಾದ ಹೋಂಡಾ ಕಾರ್ಖಾನೆ, ವಿಸ್ಟ್ರಾನ್ ಕಟ್ಟಿ 2023ರಲ್ಲಿ ಟಾಟಾ ಕೊಂಡ ಐಫೋನ್ ಕಾರ್ಖಾನೆ, ಅವುಗಳ ಸುತ್ತ ಬೆಳೆದ ಸಣ್ಣಪುಟ್ಟ ಘಟಕಗಳು. ಇಲ್ಲಿಯ ಸಂಬಳ ನೇರ ಖಾತೆಗೆ ಬೀಳುತ್ತದೆ. ಅದಕ್ಕೆ ಸಂಬಳದ ಚೀಟಿ, ಪಿಎಫ್, ಫಾರಂ 16 ಎಲ್ಲವೂ ಉಂಟು. ಇನ್ನೊಂದು ಟೊಮೆಟೊ, ರಾಗಿ, ಮಾವಿನ ದುಡ್ಡು. ಕೃಷಿ ಆದಾಯಕ್ಕೆ ನಮ್ಮಲ್ಲಿ ಆದಾಯ ತೆರಿಗೆ ಇಲ್ಲವಾದ್ದರಿಂದ ಬೇಸಾಯವನ್ನೇ ನಂಬಿದ ಮನೆ ಜೀವಮಾನದಲ್ಲಿ ಒಮ್ಮೆಯೂ ರಿಟರ್ನ್ ಸಲ್ಲಿಸದೆ ಇರಬಹುದು, ಅದು ತಪ್ಪೂ ಅಲ್ಲ. (ಹೈನುಗಾರಿಕೆಯ ಹಾಲು, ರೇಷ್ಮೆಗೂಡು ಕಾನೂನಿನ ಕಣ್ಣಲ್ಲಿ ಕೃಷಿ ಆದಾಯವಲ್ಲ; ಆದರೆ ಎರಡು ಹಸು ಕಟ್ಟಿಕೊಂಡವರ ಆದಾಯ ತೆರಿಗೆ ಮಿತಿಯ ಹತ್ತಿರವೂ ಸುಳಿಯುವುದಿಲ್ಲ.) ಇಂಥ ಮನೆಯ ಮಗಳಿಗೋ ಮಗನಿಗೋ ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ನೆಲೆಸಿದವರ ಜೊತೆ ಮದುವೆಯಾದಾಗ, ಸಂಸಾರ ಒಂದೇ ಸೂರಿನಡಿ ಸೇರಬೇಕಾದರೆ ಆ ದೇಶಗಳು ಕರೆಸಿಕೊಳ್ಳುವವರಿಂದ ಆದಾಯದ ದಾಖಲೆ ಕೇಳುತ್ತವೆ, ಅಮೆರಿಕ ಮೊದಲು ಕೇಳುವ ಕಾಗದಗಳಲ್ಲಿ ತೆರಿಗೆ ರಿಟರ್ನ್ ಒಂದು. ಕರೆಸಿಕೊಳ್ಳುವವರು ತೆರಿಗೆ ಲೆಕ್ಕ ಒಪ್ಪಿಸಿರಬೇಕು ಎನ್ನುವುದು ನ್ಯಾಯವಾದ ಬೇಡಿಕೆಯೇ. ಆದರೆ ಆ ಲೆಕ್ಕದಲ್ಲಿ ಬಂದ ಮೊತ್ತವನ್ನೇ ಗಂಡ ಹೆಂಡತಿ ಕೂಡಿ ಬಾಳುವ ಹಕ್ಕಿಗೆ ಅಳತೆಗೋಲು ಮಾಡುವುದು ಬೇರೆ ಸಂಗತಿ. ಇವೆರಡನ್ನೂ ಒಂದೇ ಕಾಗದದಲ್ಲಿ ಬೆಸೆದಿರುವುದರಲ್ಲಿ ದೋಷವಿದೆ ಎಂಬುದು ನನ್ನ ವಾದ.

ಅಮೆರಿಕದ ಪದ್ಧತಿಯನ್ನು ಹತ್ತಿರದಿಂದ ನೋಡೋಣ. ಅಲ್ಲಿನ ಪ್ರಜೆಯೋ ಗ್ರೀನ್ ಕಾರ್ಡ್ ಇರುವವರೋ ಸಂಗಾತಿಯನ್ನು ಕಾಯಂ ಆಗಿ ಕರೆಸಿಕೊಳ್ಳಲು ಐ-864 ಎಂಬ ನಮೂನೆಗೆ ಸಹಿ ಹಾಕಬೇಕು. 1996ರ ವಲಸೆ ಕಾನೂನು ಇದನ್ನು ಬರೀ ಪ್ರಮಾಣಪತ್ರವಾಗಿ ಉಳಿಸದೆ, ಕೋರ್ಟಿನಲ್ಲಿ ಜಾರಿ ಮಾಡಬಹುದಾದ ಕರಾರಾಗಿ ಮಾಡಿತು. ಸಹಿ ಹಾಕುವವರ ಆದಾಯ ಅಲ್ಲಿನ ಬಡತನ ರೇಖೆಯ ಶೇ. 125ರಷ್ಟಾದರೂ ಇರಬೇಕು; 2025ರ ಲೆಕ್ಕದಲ್ಲಿ ಇಬ್ಬರೇ ಇರುವ ಸಂಸಾರಕ್ಕೆ ಅದು ವರ್ಷಕ್ಕೆ 26,437 ಡಾಲರ್. ಜೊತೆಗೆ ಇತ್ತೀಚಿನ ವರ್ಷದ ಫೆಡರಲ್ ತೆರಿಗೆ ರಿಟರ್ನಿನ ಪ್ರತಿಯನ್ನೋ ತೆರಿಗೆ ಇಲಾಖೆಯೇ ಕೊಡುವ ಸಾರಾಂಶವನ್ನೋ ಲಗತ್ತಿಸಬೇಕು. ಮೊದಲು ಮೂರು ವರ್ಷದ್ದು ಕೇಳುತ್ತಿದ್ದರು, 2006ರಲ್ಲಿ ಅದನ್ನು ಒಂದಕ್ಕೆ ಇಳಿಸಿದರು. ಕಾನೂನಿನ ಪ್ರಕಾರ ರಿಟರ್ನ್ ಸಲ್ಲಿಸುವ ಅಗತ್ಯವೇ ಇರಲಿಲ್ಲ ಎಂದಾದರೆ ಕಾರಣವನ್ನು ಬರೆದುಕೊಡಬಹುದು. ಸಲ್ಲಿಸಬೇಕಾಗಿದ್ದೂ ಸಲ್ಲಿಸಿಲ್ಲವೆಂದರೆ ತಡವಾಗಿಯಾದರೂ ಸಲ್ಲಿಸಿ ಬರಬೇಕು, ಅಲ್ಲಿಯವರೆಗೆ ಕಡತ ಮುಂದೆ ಹೋಗುವುದಿಲ್ಲ.

ಇದರಲ್ಲಿ ಸಲ್ಲಿಕೆಯ ಭಾಗದ ಬಗ್ಗೆ ನನಗೆ ತಕರಾರಿಲ್ಲ. ಒಂದು ದೇಶದ ಕಾನೂನಿನಿಂದ ಉಪಕಾರ ಕೇಳುವವರು ಅದೇ ದೇಶದ ಇನ್ನೊಂದು ಕಾನೂನನ್ನು ಪಾಲಿಸಿದ್ದಾರೆಯೇ ಎಂದು ನೋಡುವುದು ಸಹಜ. ರಿಟರ್ನ್ ಇನ್ನೊಂದು ವಿಷಯವನ್ನೂ ಬಯಲಿಗೆಳೆಯುತ್ತದೆ. ಡಿಸೆಂಬರ್ 31ರಂದು ನೀವು ವಿವಾಹಿತರಾಗಿದ್ದರೆ ಆ ಇಡೀ ವರ್ಷಕ್ಕೆ ವಿವಾಹಿತರು ಎನ್ನುವುದು ಅಲ್ಲಿನ ತೆರಿಗೆ ನಿಯಮ. ಡಿಸೆಂಬರ್ ಮೊದಲ ವಾರ ಕೋಲಾರದ ಛತ್ರವೊಂದರಲ್ಲಿ ತಾಳಿ ಕಟ್ಟಿ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಿ, ರಜೆ ಮುಗಿಸಿ ಡಲ್ಲಾಸಿಗೆ ಮರಳಿದ ವರ ಫೆಬ್ರುವರಿಯಲ್ಲಿ ರೂಢಿಯಂತೆ 'ಅವಿವಾಹಿತ' ಎಂದೇ ರಿಟರ್ನ್ ಒತ್ತಿಬಿಡುತ್ತಾನೆ. ಹೆಂಡತಿ ಇನ್ನೂ ಊರಲ್ಲೇ ಇದ್ದಾಳಲ್ಲ, ಅವಳಿಗೆ ಅಲ್ಲಿನ ಸಾಮಾಜಿಕ ಭದ್ರತಾ ಸಂಖ್ಯೆಯೂ ಇಲ್ಲವಲ್ಲ ಎಂಬುದು ಅವನ ಲೆಕ್ಕ. ಆದರೆ ಒಂದು ಕಚೇರಿಗೆ ಅವಿವಾಹಿತ, ಇನ್ನೊಂದು ಕಚೇರಿಗೆ ವಿವಾಹಿತ ಎಂದು ಹೇಳಿದವನನ್ನು ಅಧಿಕಾರಿ ಪ್ರಶ್ನಿಸಿದರೆ ಅದು ಕಿರುಕುಳವಲ್ಲ. ಸರಿಯಾದ ದಾರಿಗಳು ಇವೆ: ವಿವಾಹಿತ ಆದರೆ ಪ್ರತ್ಯೇಕ ಎಂದು ಸಲ್ಲಿಸಬಹುದು (ಹಾಗೆ ಸಲ್ಲಿಸುವವರಿಗೆ ವರ್ಷದ ಆದಾಯ ಐದು ಡಾಲರ್ ಮುಟ್ಟಿದರೂ ರಿಟರ್ನ್ ಕಡ್ಡಾಯ ಎಂಬ ವಿಚಿತ್ರ ನಿಯಮವಿದೆ), ಅಥವಾ ವಿದೇಶದಲ್ಲಿರುವ ಸಂಗಾತಿಯನ್ನು ತೆರಿಗೆಯ ಮಟ್ಟಿಗೆ ಅಮೆರಿಕದ ನಿವಾಸಿಯೆಂದು ಪರಿಗಣಿಸಿ ಎಂದು ಆಯ್ಕೆ ಮಾಡಿ, ಅವಳಿಗೊಂದು ತೆರಿಗೆದಾರ ಸಂಖ್ಯೆ ಪಡೆದು, ಜಂಟಿಯಾಗಿ ಸಲ್ಲಿಸಬಹುದು. ಎರಡನೆಯದರಲ್ಲಿ ತೆರಿಗೆ ಸಾಮಾನ್ಯವಾಗಿ ಕಡಿಮೆ, ಆದರೆ ಅವಳ ನರಸಾಪುರದ ಸಂಬಳ, ಬ್ಯಾಂಕ್ ಬಡ್ಡಿ ಎಲ್ಲವೂ ಅಮೆರಿಕದ ಲೆಕ್ಕಕ್ಕೆ ಸೇರುತ್ತದೆ. ನಗದು ವ್ಯಾಪಾರ ಮಾಡಿ ತೆರಿಗೆ ಉಳಿಸಲು ಆದಾಯ ಕಡಿಮೆ ತೋರಿಸಿದವರ ಕಷ್ಟಕ್ಕೂ ಕನಿಕರ ಪಡಬೇಕಾಗಿಲ್ಲ. ತಿದ್ದುಪಡಿ ರಿಟರ್ನ್ ಸಲ್ಲಿಸಿ, ಬಾಕಿ ಕಟ್ಟಿ ಬರಲಿ.

ಮೊತ್ತದ ಭಾಗಕ್ಕೆ ಬಂದಾಗಲೇ ತೊಡಕು. ಬೆಂಗಳೂರು, ಕೋಲಾರದ ಕಡೆಯಿಂದ ಹೋದ ಎಷ್ಟೋ ಕುಟುಂಬಗಳು ಮಕ್ಕಳು ಚಿಕ್ಕವರಿದ್ದಾಗಲೇ ವಾಪಸು ಬಂದಿವೆ. ಅಲ್ಲೇ ಹುಟ್ಟಿದ ಆ ಮಕ್ಕಳು ಅಮೆರಿಕದ ಪ್ರಜೆಗಳು. ಅಂಥವರೊಬ್ಬರು ಶ್ರೀನಿವಾಸಪುರದಲ್ಲಿ ಅಪ್ಪನ ಮಾವಿನ ತೋಪನ್ನು ತಾವೇ ನಿಂತು ನೋಡಿಕೊಳ್ಳುತ್ತಿದ್ದಾರೆ, ಇಲ್ಲಿಯವರನ್ನೇ ಮದುವೆಯಾಗಿದ್ದಾರೆ, ಈಗ ಇಬ್ಬರೂ ಅಮೆರಿಕಕ್ಕೆ ಹೋಗಬೇಕೆಂದಿದ್ದಾರೆ ಎಂದುಕೊಳ್ಳಿ. ಭಾರತ ಆ ತೋಪಿನ ಆದಾಯಕ್ಕೆ ತೆರಿಗೆ ಕೇಳುವುದಿಲ್ಲ. ಅಮೆರಿಕ ಮಾತ್ರ ತನ್ನ ಪ್ರಜೆ ಭೂಮಿಯ ಯಾವ ಮೂಲೆಯಲ್ಲಿದ್ದರೂ ಲೆಕ್ಕ ಕೇಳುತ್ತದೆ. ಸ್ವಂತ ದುಡಿಮೆಯ ನಿವ್ವಳ ಆದಾಯ ವರ್ಷಕ್ಕೆ 400 ಡಾಲರ್ ಮುಟ್ಟಿದರೆ ರಿಟರ್ನ್ ಸಲ್ಲಿಸಲೇಬೇಕು. ಎರಡೂ ದೇಶಗಳ ನಡುವೆ ಸಾಮಾಜಿಕ ಭದ್ರತೆಯ ಒಪ್ಪಂದ ಇಲ್ಲದ್ದರಿಂದ ಶೇ. 15.3ರ ಸ್ವಯಂ ಉದ್ಯೋಗ ತೆರಿಗೆಯೂ ಬೀಳುತ್ತದೆ. ಆದಾಯ ತೆರಿಗೆಯಿಂದ ಪಾರಾಗಲು ವಿದೇಶದಲ್ಲಿ ದುಡಿದ ಹಣಕ್ಕೆ ವಿನಾಯಿತಿ ಇದೆ. 2024ಕ್ಕೆ 1,26,500 ಡಾಲರಿನವರೆಗೆ. ಅದನ್ನು ಪಡೆದರೆ ಆಗುವುದೇನು? ವಿನಾಯಿತಿಯ ಮೊತ್ತ ಕಳೆದು ರಿಟರ್ನಿನ 'ಒಟ್ಟು ಆದಾಯ'ದ ಸಾಲಿನಲ್ಲಿ ಸೊನ್ನೆ ಉಳಿಯಬಹುದು, ಐ-864 ಕೇಳುವುದು ಅದೇ ಸಾಲನ್ನು. ತೆರಿಗೆ ಕಾನೂನು ಕೊಟ್ಟ ಸೌಲಭ್ಯವನ್ನು ನ್ಯಾಯವಾಗಿ ಬಳಸಿಕೊಂಡವರು ವಲಸೆ ಕಾನೂನಿನ ಮುಂದೆ ನಿರ್ಗತಿಕರಾಗಿ ನಿಲ್ಲುತ್ತಾರೆ. ತಕ್ಕಡಿ ಹಿಡಿದು ಎತ್ತರ ಅಳೆದರೆ ಬರುವ ಉತ್ತರ ಇಂಥದ್ದೇ.

ಒಂದು ವರ್ಷದ ರಿಟರ್ನ್ ಬೇಸಾಯದ ಬದುಕನ್ನು ಹಿಡಿದಿಡಲಾರದು ಎನ್ನುವುದಕ್ಕೆ ಕೋಲಾರದ ಎಪಿಎಂಸಿ ಸಾಕ್ಷಿ. 2023ರ ಜುಲೈನಲ್ಲಿ ಅಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸಿನ ಬೆಲೆ 2,000 ರೂಪಾಯಿ ದಾಟಿತ್ತು. ಸೆಪ್ಟೆಂಬರ್ ಹೊತ್ತಿಗೆ ಕುಸಿದಿತ್ತು. ಆ ಜುಲೈಯಲ್ಲಿ ಬೆಳೆ ಕೈಗೆ ಬಂದವರು ಆ ವರ್ಷ ಸಂಸಾರ ಸಾಕುವ ಶಕ್ತಿವಂತರು, ಎರಡು ತಿಂಗಳು ತಡವಾಗಿ ನಾಟಿ ಮಾಡಿದ ಪಕ್ಕದ ಹೊಲದವರು ಅಲ್ಲ ಎಂದು ಹೇಳುವುದು ಎಷ್ಟು ಸರಿ? ಆದಾಯ ಸಾಲದಿದ್ದರೆ ಆಸ್ತಿ ತೋರಿಸಿ ಎಂದು ನಿಯಮ ಹೇಳುತ್ತದೆ ನಿಜ. ಪ್ರಜೆಯ ಸಂಗಾತಿಯ ವಿಷಯದಲ್ಲಿ ಕೊರತೆಯ ಮೂರರಷ್ಟು ಆಸ್ತಿ ಸಾಕು, ಆದರೆ ಅದು ವರ್ಷದೊಳಗೆ ನಗದಾಗುವಂತಿರಬೇಕು. ಪಹಣಿ ಇನ್ನೂ ತಾತನ ಹೆಸರಿನಲ್ಲೇ ಇರುವ, ಪೋಡಿಯಾಗದ, ಅಣ್ಣತಮ್ಮಂದಿರ ಭಾಗ ಇತ್ಯರ್ಥವಾಗದ ಜಮೀನು ವರ್ಷದೊಳಗೆ ನಗದಾಗುತ್ತದೆಂದು ಈ ಜಿಲ್ಲೆಯ ಯಾವ ಪತ್ರ ಬರಹಗಾರನೂ ಹೇಳಲಾರ.

ಇದಕ್ಕೆ ಬರುವ ದೊಡ್ಡ ಆಕ್ಷೇಪ ಸರ್ಕಾರದ ಬೊಕ್ಕಸದ್ದು. ಹೊರಗಿನಿಂದ ಬಂದವರು ಅಲ್ಲಿನ ತೆರಿಗೆದಾರರ ಹಣದಲ್ಲಿ ಬದುಕಬಾರದು, ಅದಕ್ಕೆ ಮುಂಚಿತವಾಗಿ ಖಾತ್ರಿ ಬೇಕು ಎನ್ನುವ ಮಾತಿನಲ್ಲಿ ಹುರುಳಿದೆ. ಆದರೆ ಆ ಖಾತ್ರಿ ಬೇರೆ ಕಡೆಯಿಂದ ಆಗಲೇ ಸಿಕ್ಕಿದೆ. 1996ರಲ್ಲೇ ಬಂದ ಇನ್ನೊಂದು ಕಾಯ್ದೆಯ ಪ್ರಕಾರ ಹೊಸದಾಗಿ ಗ್ರೀನ್ ಕಾರ್ಡ್ ಪಡೆದವರಿಗೆ, ಕೆಲವು ವಿನಾಯಿತಿ ಬಿಟ್ಟರೆ, ಆದಾಯ ನೋಡಿ ಕೊಡುವ ಫೆಡರಲ್ ನೆರವು ಮೊದಲ ಐದು ವರ್ಷ ಸಿಗುವುದಿಲ್ಲ. ಅದರ ಮೇಲೆ ಐ-864 ಕರಾರೂ ಇದೆ. ಬಂದವರು ಪ್ರಜೆಯಾಗುವವರೆಗೆ, ಅಥವಾ 40 ತ್ರೈಮಾಸಿಕಗಳ ದುಡಿಮೆ ಅವರ ಲೆಕ್ಕಕ್ಕೆ ಜಮೆಯಾಗುವವರೆಗೆ, ಅಥವಾ ದೇಶ ಬಿಟ್ಟು ಹೋಗುವವರೆಗೆ ಅದು ಜಾರಿಯಲ್ಲಿರುತ್ತದೆ, ವಿಚ್ಛೇದನವಾದರೂ ಕಳಚುವುದಿಲ್ಲ. ನೆರವಿನ ಬಾಗಿಲೂ ಮುಚ್ಚಿ, ವಸೂಲಿಯ ಹಕ್ಕೂ ಕೈಯಲ್ಲಿಟ್ಟುಕೊಂಡ ಮೇಲೆ ಹಳೆಯ ವರ್ಷದ ಆದಾಯದ ಗೆರೆ ಇನ್ನೇನನ್ನು ಕಾಯುತ್ತದೆ?

ಆದಾಯ ಸಾಲದವರು ಜಂಟಿ ಸ್ಪಾನ್ಸರರನ್ನು ಹುಡುಕಿಕೊಳ್ಳಬಹುದಲ್ಲ ಎಂಬುದು ಇನ್ನೊಂದು ಆಕ್ಷೇಪ. ಹುಡುಕಿಕೊಳ್ಳಬಹುದು. ದೂರದ ಚಿಕ್ಕಪ್ಪನ ಮಗನನ್ನೋ ಹಳೆಯ ಸಹಪಾಠಿಯನ್ನೋ ಕೇಳಿ, ಅವರ ರಿಟರ್ನ್, ಸಂಬಳದ ವಿವರ ಎಲ್ಲ ಪಡೆದು, ತಮ್ಮ ದಾಂಪತ್ಯ ಮುರಿದುಬಿದ್ದರೂ ಬಿಡದ ಹೊಣೆಯೊಂದನ್ನು ಅವರ ತಲೆಗೆ ಕಟ್ಟಬೇಕು. ನಮ್ಮ ಕಡೆ ಬ್ಯಾಂಕ್ ಸಾಲಕ್ಕೆ ಜಾಮೀನು ನಿಲ್ಲಲು ಹಿಂದೇಟು ಹಾಕುವವರು ಎಷ್ಟಿಲ್ಲ? ಸಾಲದ ಜಾಮೀನು ಸಾಲ ತೀರಿದ ದಿನ ಮುಗಿಯುತ್ತದೆ. ನೆಂಟರಿಷ್ಟರಲ್ಲಿ ಅನುಕೂಲಸ್ಥರು ಇದ್ದವರಿಗೆ ಮಾತ್ರ ತೆರೆಯುವ ಈ ಬಾಗಿಲನ್ನು ಪರಿಹಾರ ಎಂದು ಕರೆಯುವುದು ಕಷ್ಟ. ಆದಾಯದ ಗೆರೆಯ ಭಾರ ಬೀಳುವುದು ಕೂಸಿಗಾಗಿ ಅರ್ಧ ದಿನದ ಕೆಲಸಕ್ಕೆ ಇಳಿದ ಹೆಂಗಸಿನ ಮೇಲೆ, ಓದು ಈಗಷ್ಟೇ ಮುಗಿಸಿದವರ ಮೇಲೆ, ಮೈಗಳ್ಳರ ಮೇಲಲ್ಲ.

ಸಲ್ಲಿಕೆ ಮತ್ತು ಮೊತ್ತ ಎರಡನ್ನೂ ಬೇರ್ಪಡಿಸಲು ಆಗುವುದೇ ಇಲ್ಲ ಎನ್ನುವವರು ಕೆನಡಾವನ್ನು ನೋಡಬೇಕು. ಸಂಗಾತಿಯನ್ನು ಕರೆಸಿಕೊಳ್ಳುವವರಿಂದ ಅಲ್ಲಿನ ಕಂದಾಯ ಇಲಾಖೆಯ ತೆರಿಗೆ ನಿರ್ಧಾರ ಪತ್ರವನ್ನು ಕೆನಡಾವೂ ಕೇಳುತ್ತದೆ, ಮೂರು ವರ್ಷ ಸಾಕುವ ಮುಚ್ಚಳಿಕೆಯನ್ನೂ ಬರೆಸಿಕೊಳ್ಳುತ್ತದೆ. ಆದರೆ ಸಾಮಾನ್ಯವಾಗಿ ಇಂತಿಷ್ಟೇ ಆದಾಯ ಇರಬೇಕೆಂಬ ಗೆರೆ ಎಳೆದಿಲ್ಲ. ಬ್ರಿಟನ್ ನಡೆದದ್ದು ತದ್ವಿರುದ್ಧ ದಿಕ್ಕಿನಲ್ಲಿ. 2012ರಲ್ಲಿ 18,600 ಪೌಂಡ್ ಎಂದು ಗೆರೆ ಎಳೆಯಿತು, 2024ರ ಏಪ್ರಿಲ್ 11ರಿಂದ ಅದನ್ನು 29,000ಕ್ಕೆ ಏರಿಸಿತು. ನಡುವೆ 2017ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಈ ಗೆರೆ ತತ್ವಶಃ ಕಾನೂನುಬಾಹಿರವಲ್ಲ ಎಂದಿತಾದರೂ, ಮಕ್ಕಳ ಹಿತವನ್ನು ನಿಯಮಗಳು ಸರಿಯಾಗಿ ಲೆಕ್ಕಿಸಿಲ್ಲ, ಬೇರೆ ಮೂಲದ ಹಣವನ್ನು ಕಡೆಗಣಿಸಿದ್ದೂ ಸರಿಯಲ್ಲ ಎಂದಿತು. ನಮ್ಮ ಜಿಲ್ಲೆಯದೇ ಆದ ಕೆಜಿಎಫ್‌ನಿಂದ ಆಂಗ್ಲೋ ಇಂಡಿಯನ್ ಕುಟುಂಬಗಳು ಬ್ರಿಟನ್ನಿಗೆ ಹೊರಟ 1950ರ ದಶಕದಲ್ಲಿ ಕಾಮನ್‌ವೆಲ್ತ್ ಪ್ರಜೆಗಳಿಗೆ ಅಲ್ಲಿ ವಲಸೆ ನಿಯಂತ್ರಣವೇ ಇರಲಿಲ್ಲ. ಅದು ಬಂದದ್ದು 1962ರ ಕಾಯ್ದೆಯಿಂದ. ಭಾರತವೂ ಪರಕೀಯ ನೌಕರರಿಗೆ ಉದ್ಯೋಗ ವೀಸಾ ಕೊಡುವಾಗ, ಕೆಲವು ವಿನಾಯಿತಿ ಬಿಟ್ಟು, ವರ್ಷಕ್ಕೆ 16.25 ಲಕ್ಷ ರೂಪಾಯಿ ಸಂಬಳದ ಗೆರೆ ಇಟ್ಟಿದೆ. ಆದರೆ ಭಾರತೀಯರನ್ನು ಮದುವೆಯಾದ ವಿದೇಶಿಯರಿಗೆ ಓಸಿಐ ಕಾರ್ಡ್ ಕೊಡುವಾಗ ಕಾನೂನು ನೋಡುವುದು ಮದುವೆ ನೋಂದಣಿಯಾಗಿ ಎರಡು ವರ್ಷ ಬಾಳಿದೆಯೇ ಎಂಬುದನ್ನು. ಆದಾಯದ ಗೆರೆಯನ್ನು ಅದು ಹಾಕಿಲ್ಲ. ದುಡಿಮೆಗೆ ಬರುವವರಿಗೆ ಒಂದು ಮಾನದಂಡ, ಸಂಸಾರಕ್ಕೆ ಬರುವವರಿಗೆ ಇನ್ನೊಂದು. ಈ ಒಂದು ವಿಷಯದಲ್ಲಿ ನಮ್ಮ ಕಾನೂನು ಅಮೆರಿಕ, ಬ್ರಿಟನ್‌ಗಳದ್ದಕ್ಕಿಂತ ವಿವೇಕದಿಂದ ನಡೆದುಕೊಂಡಿದೆ.

ಗೆರೆ ಇರಲೇಬೇಕೆಂದು ಹಟ ಹಿಡಿದರೂ ಒಂದು ಅಸಂಗತಿ ಉಳಿಯುತ್ತದೆ. ಬರಲಿರುವ ಸಂಗಾತಿಯ ದುಡಿಮೆಯನ್ನು ಅಮೆರಿಕ, ಬ್ರಿಟನ್ ಎರಡೂ ಹೆಚ್ಚುಕಡಿಮೆ ಲೆಕ್ಕಕ್ಕೇ ಹಿಡಿಯುವುದಿಲ್ಲ. ಅಮೆರಿಕದಲ್ಲಿ ಅದು ಲೆಕ್ಕಕ್ಕೆ ಬರಬೇಕಾದರೆ ಅದೇ ಮೂಲದಿಂದ ಮುಂದೆಯೂ ಬರುವಂತಿರಬೇಕು. ಬ್ರಿಟನ್ನಿಗೆ ಮೊದಲ ವೀಸಾ ಕೇಳುವಾಗ ಹೊರದೇಶದಲ್ಲಿನ ಅವರ ನೌಕರಿಯ ಸಂಬಳ ಲೆಕ್ಕಕ್ಕಿಲ್ಲ. ನರಸಾಪುರದ ಕಾರ್ಖಾನೆಯಲ್ಲಿ ಐದಾರು ವರ್ಷ ದುಡಿದು, ಫಾರಂ 16 ತಪ್ಪದೆ ಇಟ್ಟುಕೊಂಡು, ಪ್ರತಿ ಜುಲೈನಲ್ಲಿ ರಿಟರ್ನ್ ಸಲ್ಲಿಸಿದ ಎಂಜಿನಿಯರ್ ಹುಡುಗಿ ಆ ಕಡತದಲ್ಲಿ ಬರೀ ಸಾಕಬೇಕಾದ ಒಂದು ಹೊಟ್ಟೆ. ಅವಳ ವಯಸ್ಸು, ಓದು, ಕಸುಬನ್ನು ನೋಡಿ ಇವಳು ದುಡಿಯಬಲ್ಲಳು ಎಂದು ಹೇಳಲು ದೊಡ್ಡ ಲೆಕ್ಕಿಗರೇನೂ ಬೇಕಿಲ್ಲ. ಅಮೆರಿಕದ ವಲಸೆ ಕಾನೂನೇ ಈ ವಿವರಗಳನ್ನೆಲ್ಲ ಗಮನಿಸಬೇಕೆಂದು ಇನ್ನೊಂದು ಕಲಮಿನಲ್ಲಿ ಹೇಳುತ್ತದೆ. ಆದರೆ ಗಂಡನ ರಿಟರ್ನಿನ ಮೊತ್ತ ಗೆರೆ ಮುಟ್ಟದಿದ್ದರೆ ಆ ಕಲಮು ಅವಳ ನೆರವಿಗೆ ಬರುವುದಿಲ್ಲ.