ನಾಯಿಯ ಪಿಟ್ಯುಟರಿ ಗಡ್ಡೆ: ಕತ್ತಿಗೆ ಮೊದಲು ಕಣ್ಣು ಬೇಕು

ಹಸು ಒಂದು ಹೊತ್ತು ಮೇವು ಬಿಟ್ಟರೆ ಮನೆಮಂದಿಯೆಲ್ಲ ಕೊಟ್ಟಿಗೆಗೆ ಓಡುತ್ತೇವೆ. ತೋಟದ ಕಾವಲಿಗೆ ಸಾಕಿದ ನಾಯಿ ದಿನಕ್ಕೆ ಎಷ್ಟು ನೀರು ಕುಡಿಯುತ್ತದೆಂದು ನೀವು ಎಂದಾದರೂ ಗಮನಿಸಿದ್ದೀರಾ?

ಬೆಂಗಳೂರಿನ ಹನುಮಂತನಗರದ ನನ್ನ ಬಂಧುಗಳ ಮನೆಯಲ್ಲಿ ಹತ್ತು ವರ್ಷದ ನಾಯಿಯೊಂದಿತ್ತು. ಗುಡ್ಡದ ಮೆಟ್ಟಿಲನ್ನು ಯಜಮಾನರಿಗಿಂತ ಮೊದಲು ಹತ್ತುತ್ತಿದ್ದ ಪ್ರಾಣಿ, ನಾಲ್ಕು ಮೆಟ್ಟಿಲಿಗೇ ಏದುಸಿರು ಬಿಡತೊಡಗಿತು. ಇಟ್ಟ ನೀರೆಲ್ಲ ಖಾಲಿ. ರಾತ್ರಿ ಮನೆಯೊಳಗೇ ಮೂತ್ರ. ಹೊಟ್ಟೆ ಜೋತುಬಿದ್ದು, ಎರಡೂ ಪಕ್ಕೆಗಳ ಕೂದಲು ಉದುರಿತ್ತು. "ವಯಸ್ಸಾಯಿತು, ಊಟವಂತೂ ಚೆನ್ನಾಗಿ ಮಾಡುತ್ತದಲ್ಲ" ಎಂದು ಮನೆಯವರು ಸುಮ್ಮನಿದ್ದರು. ಒಂದು ವರ್ಷ ಕಳೆದ ಮೇಲೆ ಪರೀಕ್ಷೆ ಮಾಡಿಸಿದಾಗ ತಿಳಿಯಿತು: ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಲ್ಲಿ ಗಡ್ಡೆ.

ಈ ಗ್ರಂಥಿ ನಿಮಗೆ ಹೊಸದಲ್ಲ. ಕರು ಕೆಚ್ಚಲಿಗೆ ಬಾಯಿಟ್ಟಾಗ ಹಸು ಸೊರ ಬಿಡುವುದು ಇಲ್ಲಿಂದ ಹೊರಡುವ ಆಕ್ಸಿಟೋಸಿನ್ ಎಂಬ ಚೋದಕದಿಂದ. 1957ರ ಜುಲೈ 10ರಂದು ಒಡಿಶಾದಲ್ಲಿ ಡಾ. ಹೀರಾಲಾಲ್ ಚೌಧುರಿ ಮತ್ತು ಡಾ. ಅಲಿಕುಂಞಿಯವರು ಮೀನಿನ ಪಿಟ್ಯುಟರಿ ಸಾರವನ್ನು ಚುಚ್ಚಿ ಗೆಂಡೆ ಜಾತಿಯ ಮೀನುಗಳಿಂದ ಮೊಟ್ಟೆ ಇಡಿಸಿದರು. ಇಂದು ನಮ್ಮ ಕೆರೆಗಳಿಗೆ ಮೀನುಮರಿ ದೊರೆಯುತ್ತಿರುವುದು ಆ ಪ್ರಯೋಗದ ಫಲ.

ಬಟಾಣಿಯಷ್ಟೂ ಇಲ್ಲದ ಈ ಗ್ರಂಥಿ, ಮೂತ್ರಪಿಂಡದ ಪಕ್ಕದ ಅಡ್ರಿನಲ್ ಗ್ರಂಥಿಗಳಿಗೆ "ಕಾರ್ಟಿಸಾಲ್ ತಯಾರಿಸಿ" ಎಂದು ಅಪ್ಪಣೆ ಕೊಡುತ್ತದೆ. ಗಡ್ಡೆ ಬೆಳೆದಾಗ ಈ ಅಪ್ಪಣೆ ನಿಲ್ಲುವುದೇ ಇಲ್ಲ. ಕಾರ್ಟಿಸಾಲ್ ಮಿತಿಮೀರಿ ಕುಶಿಂಗ್ ರೋಗ ಕಾಣಿಸಿಕೊಳ್ಳುತ್ತದೆ. ನಾಯಿಗಳಲ್ಲಿ ಸಹಜವಾಗಿ ಬರುವ ಈ ಕಾಯಿಲೆಯಲ್ಲಿ ನೂರಕ್ಕೆ ಸುಮಾರು 80ರಿಂದ 85 ಪಿಟ್ಯುಟರಿ ಗಡ್ಡೆಯಿಂದಲೇ ಬರುವಂಥವು. ಉಳಿದವು ಬಹುಮಟ್ಟಿಗೆ ಅಡ್ರಿನಲ್ ಗಡ್ಡೆಯವು.

ಇದಕ್ಕೆ ಶಸ್ತ್ರಚಿಕಿತ್ಸೆ ಇದೆಯೇ? ಇದೆ. ನಾಯಿಯ ಬಾಯಿ ತೆರೆದು, ಅಂಗುಳಿನ ಮೂಲಕ ತಲೆಬುರುಡೆಯ ತಳದ ಮೂಳೆಯಲ್ಲಿ ಸಣ್ಣ ರಂಧ್ರ ಕೊರೆದು ಗ್ರಂಥಿಯನ್ನೇ ತೆಗೆಯುತ್ತಾರೆ. ನೆದರ್ಲೆಂಡ್ಸಿನ ಉಟ್ರೆಕ್ಟ್ ವಿಶ್ವವಿದ್ಯಾನಿಲಯ ಇದರಲ್ಲಿ ಹೆಸರಾಗಿದೆ. ಅಲ್ಲಿಯವರು 2005ರಲ್ಲಿ ಪ್ರಕಟಿಸಿದ 150 ನಾಯಿಗಳ ವರದಿಯಂತೆ, ಒಂದು ವರ್ಷದ ನಂತರ ಬದುಕಿದ್ದವು ನೂರಕ್ಕೆ ಸುಮಾರು 84. ಆದರೆ ಗ್ರಂಥಿ ಹೋದ ಮೇಲೆ ಅದರ ಕೆಲಸವನ್ನು ಔಷಧಿಯೇ ಮಾಡಬೇಕು. ಕಾರ್ಟಿಸೋನ್ ಮತ್ತು ಥೈರಾಯ್ಡ್ ಮಾತ್ರೆಗಳನ್ನು ಜೀವಮಾನವಿಡೀ ತಪ್ಪದೆ ಕೊಡಬೇಕು. ನುರಿತ ಕೈ, ಮೆದುಳಿನ ಚಿತ್ರ ತೆಗೆಯುವ ಯಂತ್ರ, ರಾತ್ರಿ ಹಗಲು ಶುಶ್ರೂಷೆ ಇಲ್ಲದೆಡೆ ಇದಕ್ಕೆ ಕೈಹಾಕುವಂತಿಲ್ಲ.

ಹಾಗಾದರೆ ಬಡವನ ನಾಯಿಗೆ ದಾರಿಯೇ ಇಲ್ಲವೇ? ಉಂಟು. ಟ್ರೈಲೋಸ್ಟೇನ್ ಎಂಬ ಔಷಧಿ ಕಾರ್ಟಿಸಾಲ್ ಉತ್ಪತ್ತಿಯನ್ನು ತಗ್ಗಿಸುತ್ತದೆ. ಗಡ್ಡೆಯನ್ನು ಅದು ಕರಗಿಸುವುದಿಲ್ಲ, ನಿಜ; ಗಡ್ಡೆ ದೊಡ್ಡದಾಗಿ ಮೆದುಳನ್ನು ಒತ್ತಿದರೆ ಶಸ್ತ್ರಚಿಕಿತ್ಸೆ ಅಥವಾ ವಿಕಿರಣವೇ ಗತಿ. ಆದರೆ ಗಡ್ಡೆ ಚಿಕ್ಕದಿರುವಾಗಲೇ ಕಂಡುಹಿಡಿದರೆ ಎಷ್ಟೋ ನಾಯಿಗಳು ಔಷಧಿಯಿಂದಲೇ ನೆಮ್ಮದಿಯಾಗಿ ದಿನ ಕಳೆಯಬಲ್ಲವು. ಆದ್ದರಿಂದ ನನ್ನ ಅಭಿಪ್ರಾಯ ಸ್ಪಷ್ಟ: ನಮಗೆ ಮೊದಲು ಬೇಕಾದದ್ದು ಮೆದುಳಿನ ಶಸ್ತ್ರಚಿಕಿತ್ಸೆಯಲ್ಲ, ತಾಲ್ಲೂಕು ಮಟ್ಟದಲ್ಲಿ ಸಾಕುಪ್ರಾಣಿಗಳ ರಕ್ತ, ಮೂತ್ರ ಪರೀಕ್ಷೆಯ ಸೌಕರ್ಯ, ಮತ್ತು ಸಾಕಿದವರ ಎಚ್ಚರಗಣ್ಣು.

ಇನ್ನೊಂದು ಮಾತು ಇದಕ್ಕಿಂತ ಮುಖ್ಯ. ಗಡ್ಡೆಯೇ ಇಲ್ಲದೆ ಈ ರೋಗವನ್ನು ನಾವೇ ತಂದುಕೊಡುವುದುಂಟು. ಕಜ್ಜಿ ತುರಿಕೆಗೆಂದು ಅಂಗಡಿಯಿಂದ ಪ್ರೆಡ್ನಿಸೋಲೋನ್ ಮಾತ್ರೆಯನ್ನೋ ಡೆಕ್ಸಾಮೆಥಾಸೋನ್ ಚುಚ್ಚುಮದ್ದನ್ನೋ ತಂದು ತಿಂಗಳುಗಟ್ಟಲೆ ಕೊಟ್ಟರೆ ಅವೇ ಲಕ್ಷಣಗಳು ಬರುತ್ತವೆ. ನಾಯಿಯ ಸ್ವಂತ ಅಡ್ರಿನಲ್ ಗ್ರಂಥಿ ಸೊರಗುತ್ತದೆ. ಆಮೇಲೆ ಗಾಬರಿಯಿಂದ ಔಷಧಿಯನ್ನು ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಅಪಾಯ; ವೈದ್ಯರ ಸಲಹೆಯಂತೆ ಕ್ರಮೇಣ ಇಳಿಸಬೇಕು. ಇದೇ ಡೆಕ್ಸಾಮೆಥಾಸೋನ್ ತುಂಬು ಗಬ್ಬದ ಹಸುವಿಗೆ ಬಿದ್ದರೆ ಕಂದು ಹಾಕಬಹುದೆಂಬುದನ್ನೂ ನೆನಪಿಡಿ.

ನೀವು ಮಾಡಬೇಕಾದ್ದು ಇಷ್ಟೆ. ಅಳತೆಯ ಪಾತ್ರೆಯಲ್ಲಿ ನೀರಿಟ್ಟು, 24 ಗಂಟೆಯಲ್ಲಿ ಎಷ್ಟು ಕುಡಿಯಿತೆಂದು ನೋಡಿ. ನಾಯಿಯ ತೂಕದ ಪ್ರತಿ ಕಿಲೋಗೆ 100 ಮಿಲಿಲೀಟರ್‌ಗಿಂತ ಹೆಚ್ಚಾದರೆ ಪಶುವೈದ್ಯರಲ್ಲಿಗೆ ಕರೆದೊಯ್ಯಿರಿ. ಅದು ಸಕ್ಕರೆ ಕಾಯಿಲೆ ಇರಬಹುದು, ಮೂತ್ರಪಿಂಡದ ತೊಂದರೆ ಇರಬಹುದು, ಹೆಣ್ಣು ನಾಯಿಯಾದರೆ ಗರ್ಭಕೋಶದ ಕೀವೂ ಇರಬಹುದು. ಹಿಂದೆ ಕೊಟ್ಟ ಔಷಧಿಗಳ ಚೀಟಿಯನ್ನು ಜೊತೆಗೆ ಒಯ್ಯಲು ಮರೆಯದಿರಿ. ಹೆಚ್ಚಿನ ಪರೀಕ್ಷೆ ಬೇಕಾದಾಗ, 1958ರಲ್ಲಿ ಆರಂಭವಾದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಂಥ ಕಡೆಗೆ ವೈದ್ಯರೇ ದಾರಿ ತೋರಿಸುತ್ತಾರೆ.

ಹನುಮಂತನಗರದ ಆ ನಾಯಿ ಔಷಧಿ ಆರಂಭಿಸಿದ ಮೇಲೆ ಎಂಟು ತಿಂಗಳು ಬದುಕಿತು. ಕಳೆದುಹೋದ ಆ ಒಂದು ವರ್ಷ ಸಿಕ್ಕಿದ್ದರೆ ಎಂದು ಯಜಮಾನರು ಈಗಲೂ ಪೇಚಾಡುತ್ತಾರೆ. ನಿಮ್ಮ ಅಂಗಳದಲ್ಲಿ ಆ ವರ್ಷ ಇನ್ನೂ ಕೈಯಲ್ಲಿರಬಹುದು. ಇಂದು ಸಂಜೆಯೇ ನೀರಿನ ಪಾತ್ರೆಯನ್ನೊಮ್ಮೆ ನೋಡಿ.