ತೆರೆಯ ಮೇಲಿನ ಕಾಡು, ಮನೆಯ ಹಿಂದಣ ಕಾಡು

ಚಲನಚಿತ್ರವನ್ನು ನೋಡಿ ಬಂದವರು ಅದರ ವಿಷಯವಾಗಿ ನಾಲ್ಕು ಮಾತು ಆಡುವುದು ಲೋಕರೂಢಿ. ಆದರೆ ಆ ಮಾತು ಬಹುಮಟ್ಟಿಗೆ ‘ಚೆನ್ನಾಗಿದೆ’, ‘ಚೆನ್ನಾಗಿಲ್ಲ’ ಎಂಬ ಎರಡು ತೀರ್ಪುಗಳಲ್ಲಿಯೇ ಮುಗಿದುಹೋಗುತ್ತದೆ. ಸಂಪಾಜೆಯ ಸೀಮೆಯವರಿಗೆ ಇದು ಒಪ್ಪುವ ನಡವಳಿಕೆಯಲ್ಲ. ಏಕೆಂದರೆ ನಮ್ಮದು ಯಕ್ಷಗಾನದ ಸೀಮೆ. ಕಲ್ಲುಗುಂಡಿಯಲ್ಲಿ ನಡೆಯುವ ಸಂಪಾಜೆ ಯಕ್ಷೋತ್ಸವದಲ್ಲಿ ಇರುಳೆಲ್ಲ ಕುಳಿತ ಸಾಮಾನ್ಯ ಕೃಷಿಕನೂ ಮರುದಿನ ತೋಟದ ಕೆಲಸದ ನಡುವೆ, ಭಾಗವತರು ಯಾವ ಪದ್ಯವನ್ನು ಎಲ್ಲಿ ಬೆಳೆಸಿದರು, ಯಾವ ಪಾತ್ರಧಾರಿಯ ಅರ್ಥ ಪ್ರಸಂಗದ ಔಚಿತ್ಯವನ್ನು ಮೀರಿತು ಎಂಬುದನ್ನು ಕಾರಣಸಹಿತವಾಗಿ ವಿವರಿಸಬಲ್ಲನು. ಬಯಲಿನಲ್ಲಿ ಇಷ್ಟು ಎಚ್ಚರವಾಗಿರುವ ಈ ವಿವೇಚನೆ ಬೆಳ್ಳಿತೆರೆಯ ಮುಂದೆ ಮಾತ್ರ ಏಕೆ ಮಂಕಾಗಬೇಕು?

ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು, ಇತ್ತೀಚಿನ ವರ್ಷಗಳಲ್ಲಿ ನಮ್ಮ ಜನ ಮೆಚ್ಚಿ ನೋಡಿದ ಕೆಲವು ಚಲನಚಿತ್ರಗಳನ್ನೂ ಸಾಕ್ಷ್ಯಚಿತ್ರಗಳನ್ನೂ ಕುರಿತು ಒಂದೆರಡು ಅಭಿಪ್ರಾಯಗಳನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ. ಆರಿಸಿಕೊಂಡಿರುವುದು ಕಾಡಿನ ಚಿತ್ರಗಳನ್ನು. ಘಟ್ಟದ ತಪ್ಪಲಿನಲ್ಲಿ, ಪಯಸ್ವಿನಿಯ ಮಗ್ಗುಲಲ್ಲಿ ಬಾಳುವವರಿಗೆ ಕಾಡು ನೋಟದ ವಸ್ತುವಷ್ಟೇ ಅಲ್ಲ. ಅದು ಮನೆಯ ಹಿತ್ತಿಲಿನಿಂದಲೇ ಆರಂಭವಾಗುತ್ತದೆ. ಆದುದರಿಂದ ಈ ಬಗೆಯ ಚಿತ್ರಗಳ ವಿಷಯದಲ್ಲಿ ಮಾತನಾಡುವ ಅರ್ಹತೆಯೂ ಹೊಣೆಯೂ ನಮಗೆ ಉಳಿದವರಿಗಿಂತ ಹೆಚ್ಚಾಗಿಯೇ ಇದೆ.

ಕನ್ನಡದಲ್ಲಿ ಈ ಪರಂಪರೆಗೆ 1973ರ ‘ಗಂಧದ ಗುಡಿ’ಯೇ ಹೆಬ್ಬಾಗಿಲು. ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದದ್ದು 1972ರಲ್ಲಿ. ಬಂಡೀಪುರವನ್ನೂ ಒಳಗೊಂಡ ಹುಲಿ ಯೋಜನೆ ಆರಂಭವಾದದ್ದು 1973ರಲ್ಲಿ. ಅದೇ ಕಾಲದಲ್ಲಿ ರಾಜಕುಮಾರ್ ಅವರು ಪ್ರಾಮಾಣಿಕ ಅರಣ್ಯಾಧಿಕಾರಿಯ ಪಾತ್ರದಲ್ಲಿ ಕಾಣಿಸಿಕೊಂಡು, ಮರಗಳ್ಳರನ್ನು ಎದುರಿಸಿ ನಿಂತರು. ಕಾಯಿದೆಯ ಪುಟಗಳು ಮುಟ್ಟಲಾಗದ ಹಳ್ಳಿಗಳಿಗೂ ಆ ಚಿತ್ರ ಮುಟ್ಟಿತು. ಕಾಡನ್ನು ಕಡಿಯುವುದು ತಪ್ಪೆಂಬ ಭಾವನೆ ಒಂದು ತಲೆಮಾರಿನ ಮನಸ್ಸಿನಲ್ಲಿ ನೆಲೆಗೊಳ್ಳುವುದಕ್ಕೆ ಅದು ಕಾರಣವಾಯಿತೆಂದರೆ ಅತಿಶಯೋಕ್ತಿಯಲ್ಲ. ಆದರೆ ಅದರ ಲೋಕದಲ್ಲಿ ಕಾಡಿಗೆ ಎರಡೇ ಪಕ್ಷ: ಕಾಯುವ ಅಧಿಕಾರಿ ಮತ್ತು ಕದಿಯುವ ಕಳ್ಳ. ಕಾಡಿನ ಅಂಚಿನಲ್ಲಿ ಸೌದೆ, ಜೇನು, ಸೊಪ್ಪುಗಳಿಂದ ಬಾಳುವೆ ನಡೆಸುವ ಮೂರನೆಯವನಿಗೆ ಅಲ್ಲಿ ಹೆಚ್ಚಿನ ಸ್ಥಳವಿಲ್ಲ.

2020ರ ಜನವರಿಯಲ್ಲಿ ಚಿತ್ರಮಂದಿರಗಳಿಗೆ ಬಂದ ‘ವೈಲ್ಡ್ ಕರ್ನಾಟಕ’ ಈ ಮೂರನೆಯವನನ್ನು ಮಾತ್ರವಲ್ಲ, ಮೊದಲಿನ ಇಬ್ಬರನ್ನೂ ಬಹುಮಟ್ಟಿಗೆ ತೆರೆಯಿಂದ ಹೊರಗಿಟ್ಟಿತು. ಅಮೋಘವರ್ಷ ಮತ್ತು ಕಲ್ಯಾಣ್ ವರ್ಮಾ ಅವರು ರಾಜ್ಯದ ಅರಣ್ಯ ಇಲಾಖೆಯ ಸಹಯೋಗದಲ್ಲಿ ರೂಪಿಸಿದ, ಒಂದು ಗಂಟೆಯೊಳಗೆ ಮುಗಿಯುವ ಈ ಸಾಕ್ಷ್ಯಚಿತ್ರಕ್ಕೆ ಇಂಗ್ಲಿಷಿನಲ್ಲಿ ಡೇವಿಡ್ ಅಟೆನ್‌ಬರೋ ಅವರೂ ಕನ್ನಡದಲ್ಲಿ ರಿಷಬ್ ಶೆಟ್ಟಿಯವರೂ ದನಿಯಿತ್ತಿದ್ದಾರೆ. ಛಾಯಾಗ್ರಹಣದ ಸಾಹಸ ಅಸಾಧಾರಣವಾದುದು. ನಮ್ಮ ನಾಡಿನ ಹುಲಿ, ಆನೆ, ನೀರುನಾಯಿಗಳನ್ನು ಇಷ್ಟು ಸಮೀಪದಿಂದ, ಇಷ್ಟು ಗೌರವದಿಂದ ತೋರಿಸಿದ ಚಿತ್ರಗಳು ವಿರಳ. ಆದರೂ ನೋಡಿ ಮುಗಿಸಿದಾಗ ಒಂದು ಶಂಕೆ ಉಳಿಯುತ್ತದೆ: ಈ ಕರ್ನಾಟಕದಲ್ಲಿ ಜನರೇ ಇಲ್ಲವೆ? ಕೊಡಗಿನಲ್ಲಿ ಆನೆ ಇರುವುದು ಕಾಡಿನಲ್ಲಿ ಮಾತ್ರವಲ್ಲ. ಅದು ಕಾಫಿಯ ತೋಟದಲ್ಲಿದೆ, ಹಲಸಿನ ಮರದ ಬುಡದಲ್ಲಿದೆ, ಮುಂಜಾನೆ ಕೆಲಸಕ್ಕೆ ಹೊರಟ ಕೂಲಿಯಾಳಿನ ದಾರಿಯಲ್ಲಿದೆ. ಆನೆ ಎಷ್ಟು ಭವ್ಯವೋ ಅದರ ಭಯವೂ ಅಷ್ಟೇ ನಿಜ. ಭವ್ಯತೆಯನ್ನು ಮಾತ್ರ ತೋರಿದ ಚಿತ್ರ ಸುಳ್ಳನ್ನು ಹೇಳುವುದಿಲ್ಲ. ಆದರೆ ಸತ್ಯದ ಅರ್ಧವನ್ನು ಮಾತ್ರ ಹೇಳುತ್ತದೆ.

ಅಮೋಘವರ್ಷ ಅವರೇ ನಿರ್ದೇಶಿಸಿದ, 2022ರ ಅಕ್ಟೋಬರಿನಲ್ಲಿ ತೆರೆಕಂಡ ಹೊಸ ‘ಗಂಧದ ಗುಡಿ’ ಈ ಕೊರತೆಯನ್ನು ಕೊಂಚಮಟ್ಟಿಗೆ ತುಂಬಿಕೊಡುತ್ತದೆ. ಇಲ್ಲಿ ಪುನೀತ್ ರಾಜಕುಮಾರ್ ಅವರು ಯಾವ ವೇಷವನ್ನೂ ಧರಿಸದೆ, ತಾವು ತಾವಾಗಿಯೇ ನಾಡಿನ ಕಾಡುಗಳಲ್ಲಿ ಸಂಚರಿಸುತ್ತಾರೆ. ಹಾವಿನ ಬಗೆಗಿನ ಅಂಜಿಕೆಯನ್ನು ಅವರು ಮುಚ್ಚಿಡುವುದಿಲ್ಲ. ಅವರು ಅಗಲಿ ಒಂದು ವರ್ಷವಾಗುವ ಹೊತ್ತಿಗೆ ಈ ಚಿತ್ರ ಬಂದುದರಿಂದ ಜನ ಅದನ್ನು ಕಣ್ಣೀರಿನ ಮೂಲಕವೇ ನೋಡಿದರು. ಪ್ರೀತಿಯಿಂದ ನೋಡಿದ್ದನ್ನು ತೂಗಿನೋಡುವುದು ಅಪಚಾರವಲ್ಲ. ತಂದೆಯ ಚಿತ್ರದಲ್ಲಿ ನಾಯಕ ಕಾಡನ್ನು ಕಾಯುವ ಅಧಿಕಾರಿ. ಮಗನ ಚಿತ್ರದಲ್ಲಿ ಅವನು ಕಾಡಿನಿಂದ ಕಲಿಯಲು ಬಂದ ಅತಿಥಿ. ಈ ವಿನಯ ದೊಡ್ಡದು. ಆದರೆ ಅತಿಥಿ ಮರುದಿನ ಹೊರಟುಹೋಗುತ್ತಾನೆ. ಮನೆಯವರ ಕಷ್ಟ ಅವನಿಗೆ ಪೂರ್ತಿಯಾಗಿ ಗೋಚರಿಸುವುದಿಲ್ಲ.

2023ರ ಮಾರ್ಚಿನಲ್ಲಿ ಆಸ್ಕರ್ ಪ್ರಶಸ್ತಿಯನ್ನು ಪಡೆದ ‘ದಿ ಎಲಿಫೆಂಟ್ ವಿಸ್ಪರರ್ಸ್’ ಚಿತ್ರದ ವಿಶೇಷವೆಂದರೆ ಅದು ಮನೆಯವರನ್ನೇ ಮಧ್ಯದಲ್ಲಿ ನಿಲ್ಲಿಸಿರುವುದು. ಬಂಡೀಪುರಕ್ಕೆ ಹೊಂದಿಕೊಂಡ ಮುದುಮಲೆಯ ತೆಪ್ಪಕಾಡು ಶಿಬಿರದ ಬೊಮ್ಮನ್ ಮತ್ತು ಬೆಳ್ಳಿ ಎಂಬ ಗಿರಿಜನ ದಂಪತಿಗಳು ತಬ್ಬಲಿ ಆನೆಮರಿಯನ್ನು ಮಗುವಿನಂತೆ ಸಾಕಿದ ಕಥೆಯನ್ನು ಕಾರ್ತಿಕಿ ಗೊನ್ಸಾಲ್ವಿಸ್ ಅವರು ಆಡಂಬರವಿಲ್ಲದೆ ಹೇಳಿದ್ದಾರೆ. ಮರಿಯ ತಾಯಿ ವಿದ್ಯುತ್ ತಗುಲಿ ಸತ್ತಿತೆಂಬ ಸಂಗತಿಯನ್ನು ಮಾತ್ರ ಚಿತ್ರ ಚಿಕ್ಕದಾಗಿ ಹೇಳಿ ಮುಂದೆ ಸಾಗುತ್ತದೆ. ಆನೆ ಊರಿನತ್ತ ಬರುವುದೇಕೆ, ತಂತಿಯನ್ನು ಎಳೆದವನಿಗೆ ಬೇರೆ ದಾರಿಯಿತ್ತೆ ಎಂಬ ಪ್ರಶ್ನೆಗಳು ಕೊಡಗಿನ ಪ್ರೇಕ್ಷಕನಿಗೆ ಅಲ್ಲಿಯೇ ಹೊಳೆಯುತ್ತವೆ.

ಸಾಕ್ಷ್ಯಚಿತ್ರವೆಂದೊಡನೆ ಅದನ್ನು ಪ್ರಮಾಣವೆಂದು ನಂಬುವ ಅಭ್ಯಾಸ ನಮ್ಮಲ್ಲಿ ಹಿಂದಿನಿಂದಲೂ ಇದೆ. ಚಿತ್ರಮಂದಿರದಲ್ಲಿ ಕಥಾಚಿತ್ರಕ್ಕೆ ಮೊದಲು ಫಿಲಂಸ್ ಡಿವಿಜನ್ನಿನ ವಾರ್ತಾಚಿತ್ರವನ್ನು ನೋಡಿ ಬೆಳೆದ ಹಿರಿಯರಿಗೆ ಇದು ತಿಳಿದ ವಿಷಯ. ಆದರೆ ಈ ಕಲೆಯ ಮೂಲಪುರುಷರೆನಿಸಿದ ರಾಬರ್ಟ್ ಫ್ಲಾಹರ್ಟಿಯವರು 1922ರ ‘ನಾನೂಕ್ ಆಫ್ ದಿ ನಾರ್ತ್’ ಚಿತ್ರದಲ್ಲಿಯೇ, ಬೆಳಕು ಸಾಲದೆಂದು ಹಿಮದ ಮನೆಯ ಒಂದು ಪಾರ್ಶ್ವವನ್ನು ತೆರೆದಿಟ್ಟು ಒಳಗಿನ ದೃಶ್ಯವನ್ನು ಚಿತ್ರಿಸಿದರು. ಆಗಲೇ ಬಂದೂಕನ್ನು ಬಳಸುತ್ತಿದ್ದ ಜನರ ಕೈಗೆ ಹಳೆಯ ಈಟಿಯನ್ನು ಕೊಡಿಸಿದರು. 1958ರ ‘ವೈಟ್ ವಿಲ್ಡರ್‌ನೆಸ್’ ಚಿತ್ರದಲ್ಲಿ ಲೆಮ್ಮಿಂಗ್ ಎಂಬ ಪುಟ್ಟ ಪ್ರಾಣಿಗಳು ತಾವಾಗಿಯೇ ನೀರಿಗೆ ಹಾರಿದಂತೆ ತೋರಿಸಿದ್ದು ಹೊರಗಿನಿಂದ ತಂದ ಪ್ರಾಣಿಗಳನ್ನು ನೂಕಿ ಮಾಡಿದ ದೃಶ್ಯವೆಂಬುದು ಅನಂತರ ಬಯಲಾಯಿತು. ಇಂದಿಗೂ ದೂರದರ್ಶಕ ಮಸೂರದಿಂದ ತೆಗೆದ ವನ್ಯಜೀವಿ ದೃಶ್ಯಗಳಿಗೆ ಹೆಜ್ಜೆಯ ಸದ್ದು, ಎಲೆಯ ಸರಸರ ಮುಂತಾದವುಗಳನ್ನು ಬಹುತೇಕ ಬಳಿಕ ಕೂಡಿಸುವುದೇ ವಾಡಿಕೆ. ಇವೆಲ್ಲವೂ ವಂಚನೆಯೆಂದಲ್ಲ. ತೆರೆಯ ಮೇಲಿರುವುದು ಯಾರೋ ಆಯ್ದು ಜೋಡಿಸಿದ ಕಾಡು ಎಂಬ ಅರಿವು ನೋಡುಗನಿಗೆ ಇರಬೇಕೆಂಬುದಷ್ಟೇ ತಾತ್ಪರ್ಯ.

ಕಥಾಚಿತ್ರ ಕೆಲವೊಮ್ಮೆ ಸಾಕ್ಷ್ಯಚಿತ್ರಕ್ಕಿಂತ ಹೆಚ್ಚು ಸಾಕ್ಷಿ ನುಡಿಯುವುದುಂಟು. ರಿಷಬ್ ಶೆಟ್ಟಿಯವರ 2022ರ ‘ಕಾಂತಾರ’ದ ಭೂತಾರಾಧನೆಯ ದೃಶ್ಯಗಳು ದೇಶದ ಇತರರಿಗೆ ವಿಸ್ಮಯವಾಗಿ ಕಂಡವು, ದೈವಗಳ ನೇಮವನ್ನು ಬಲ್ಲ ನಮ್ಮ ಸೀಮೆಗೆ ಅದು ಪರಿಚಿತ ಲೋಕ. ಆ ಚಿತ್ರದ ಹುರುಳಿರುವುದು ಕುಣಿತಕ್ಕಿಂತ ಹೆಚ್ಚಾಗಿ ಅದರ ಪ್ರಶ್ನೆಯಲ್ಲಿ: ಈ ನೆಲ ಯಾರದು, ಅರಣ್ಯದ ಗಡಿಕಲ್ಲನ್ನು ನೆಡುವವರು ಯಾರನ್ನು ಕೇಳಿ ನೆಟ್ಟರು? ಆದರೆ ಪ್ರಶ್ನೆ ಬಿಗಿಯಾದಾಗ ಕಥೆ ಹೊಡೆದಾಟಕ್ಕೂ ಪವಾಡಕ್ಕೂ ಶರಣಾಗುತ್ತದೆ. ಇದಕ್ಕೆ ಇಪ್ಪತ್ತು ವರ್ಷ ಹಿಂದಿನ ಗಿರೀಶ ಕಾಸರವಳ್ಳಿಯವರ ‘ದ್ವೀಪ’ ಹಾಗೆ ಮಾಡಲಿಲ್ಲ. ನಾ. ಡಿಸೋಜ ಅವರ ಕಾದಂಬರಿಯನ್ನು ಆಧರಿಸಿ, ಸೌಂದರ್ಯ ಅವರು ನಿರ್ಮಿಸಿ ನಟಿಸಿದ ಆ ಚಿತ್ರದಲ್ಲಿ ಅಣೆಕಟ್ಟಿನ ನೀರು ಮೆಲ್ಲಮೆಲ್ಲನೆ ಏರುತ್ತದೆ. ಒಂದು ಕುಟುಂಬ ಬಿಟ್ಟುಹೋಗಲಾರದೆ ಅಲ್ಲಿಯೇ ಉಳಿಯುತ್ತದೆ. ಪರಿಹಾರದ ಹಣದಿಂದ ತುಂಬಲಾಗದ ನಷ್ಟವೊಂದಿದೆ ಎಂಬುದನ್ನು ಅದು ಒಂದು ಭಾಷಣವೂ ಇಲ್ಲದೆ ಮನಗಾಣಿಸಿತು. ಅದಕ್ಕೆ ಸ್ವರ್ಣಕಮಲ ದೊರೆತದ್ದು ಯೋಗ್ಯವಾಗಿಯೇ ಇತ್ತು.

ಇಂಥದೊಂದು ಚಿತ್ರಕ್ಕಾಗಿ ಸಂಪಾಜೆಯ ಘಟ್ಟ ಇನ್ನೂ ಕಾಯುತ್ತಿದೆ. 2018ರ ಆಗಸ್ಟಿನಲ್ಲಿ ಜೋಡುಪಾಲ, ಮೊಣ್ಣಂಗೇರಿ, ಮದೆನಾಡುಗಳಲ್ಲಿ ಗುಡ್ಡ ಜರಿದಾಗ ಮಡಿಕೇರಿಯ ರಸ್ತೆ ಕಡಿದುಹೋಯಿತು. ಜೀವಗಳೂ ತೋಟಗಳೂ ಮಣ್ಣುಪಾಲಾದವು. ಮನೆಯೊಂದು ಜಾರಿ ಕುಸಿಯುವ ದೃಶ್ಯವನ್ನು ದೇಶವೆಲ್ಲ ದೂರದರ್ಶನದಲ್ಲಿ, ಕೈಯ ಮೊಬೈಲಿನಲ್ಲಿ ಮತ್ತೆ ಮತ್ತೆ ನೋಡಿತು. ಕೆಲವು ಕ್ಷಣಗಳ ಆ ದೃಶ್ಯ ಭಯವನ್ನು ಹುಟ್ಟಿಸಿತೇ ಹೊರತು ಕಾರಣವನ್ನು ತಿಳಿಸಲಿಲ್ಲ. ಅತಿವೃಷ್ಟಿಯ ಜೊತೆಗೆ, ಮನೆಗೂ ರಸ್ತೆಗೂ ತೋಟಕ್ಕೂ ಇಳಿಜಾರನ್ನು ಕಡಿದುದೇ ಅನರ್ಥಕ್ಕೆ ಕಾರಣವೆಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ತಜ್ಞರು ಹೇಳಿದ್ದನ್ನು ಯಾವ ದೃಶ್ಯವೂ ಮನೆಮನೆಗೆ ಮುಟ್ಟಿಸಲಿಲ್ಲ. 2022ರಲ್ಲಿ ಚೆಂಬು, ಸಂಪಾಜೆಗಳ ಸುತ್ತ ಭೂಮಿ ಕಂಪಿಸಿದಾಗಲೂ ನಮಗೆ ಸಿಕ್ಕಿದ್ದು ಸುದ್ದಿಯೇ ಹೊರತು ತಿಳಿವಳಿಕೆಯಲ್ಲ. ಘಟ್ಟದ ಭವಿಷ್ಯವನ್ನು ನಿರ್ಧರಿಸುವ ದೂರದ ಊರಿನವರಲ್ಲಿ ಅನೇಕರು ಕಾಡನ್ನು ಬಲ್ಲುದು ತೆರೆಯ ಮೂಲಕವೇ. ಅಲ್ಲಿ ನಮ್ಮ ಜನ ಕಾಣಿಸದಿದ್ದರೆ, ಅವರ ಯೋಜನೆಗಳಲ್ಲಿಯೂ ಕಾಣಿಸಲಾರರು.

ಆದುದರಿಂದ ಶಾಲೆಯ ಹಿತೈಷಿಗಳಲ್ಲಿ ಒಂದು ಬಿನ್ನಹ. ಶಾಲೆಗೆ ತೆರೆಯನ್ನೂ ಪ್ರೊಜೆಕ್ಟರನ್ನೂ ಒದಗಿಸುವ ದಾನಿಗಳು ಇದ್ದಾರೆ. ಅದು ಸ್ತುತ್ಯವಾದ ಕಾರ್ಯ. ಅದರ ಫಲ ದೊರೆಯಬೇಕಾದರೆ, ಚಿತ್ರ ಮುಗಿದ ಮೇಲೆ ದೀಪ ಹಾಕಿ ಮಕ್ಕಳೊಡನೆ ಅರ್ಧ ಗಂಟೆ ಮಾತನಾಡುವ ಏರ್ಪಾಡನ್ನು ಉಪಾಧ್ಯಾಯರು ಮಾಡಬೇಕು. ಇದನ್ನು ಯಾರು ತೆಗೆದರು, ಯಾರ ಹಣದಿಂದ ತೆಗೆದರು, ಯಾರ ಮಾತು ಕೇಳಿಸಿತು, ಯಾರ ಮಾತು ಕೇಳಿಸಲಿಲ್ಲ, ನಿಮ್ಮ ಮನೆಯ ಹಿಂದಣ ಕಾಡಿಗೂ ಇದಕ್ಕೂ ಏನು ಅಂತರ ಎಂದು ಕೇಳಿದರೆ ಸಾಕು. ಎಂಟನೆಯ ತರಗತಿಯ ಬಾಲಕನೂ ವಿಚಾರಕ್ಕೆ ತೊಡಗುತ್ತಾನೆ. ಹೊರ ಊರುಗಳಲ್ಲಿ ಚಿತ್ರಮಾಧ್ಯಮವನ್ನು ಬಲ್ಲ ಹಳೆಯ ವಿದ್ಯಾರ್ಥಿಗಳು ರಜೆಯಲ್ಲಿ ಬಂದು, 2018ರ ಮಳೆಯನ್ನು ಕಂಡ ಹಿರಿಯರ ಮಾತುಗಳನ್ನು ಅವರವರ ಅರೆಭಾಷೆಯಲ್ಲಿ, ತುಳುವಿನಲ್ಲಿ, ಕನ್ನಡದಲ್ಲಿ ಮಕ್ಕಳಿಂದಲೇ ಚಿತ್ರಿಸಿ ಇಡುವಂತೆ ಮಾಡಿದರೆ ಅದು ಇನ್ನೂ ಹೆಚ್ಚಿನ ಉಪಕಾರ. ಇದಕ್ಕೆ ಇಂದು ದೊಡ್ಡ ಯಂತ್ರಗಳು ಬೇಕಿಲ್ಲ. ಕೈಯಲ್ಲಿರುವ ಮೊಬೈಲೇ ಸಾಕು. ಆದರೆ ಆ ಹಿರಿಯರು ನಮ್ಮೊಡನೆ ಬಹುಕಾಲ ಇರಲಾರರು. ಬರುವ ಮಳೆಗಾಲಕ್ಕೆ ಮೊದಲೇ ಈ ಕೆಲಸಕ್ಕೆ ಕೈಹಾಕುವುದು ಲೇಸು.